ಕತ್ತಲಿಗೆ ಅಂಜದ ಕಣ್ಣು

2007ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಜಪಾನಿನ ಎರಡು ಹೆಸರಾಂತ ಕ್ಯಾಮೆರಾ ಸಂಸ್ಥೆಗಳು ಮೂರು ದಿನಗಳ ಅಂತರದಲ್ಲಿ ತಮ್ಮ ತಮ್ಮ ಪಟ್ಟದಾನೆಗಳನ್ನು ಅಖಾಡಕ್ಕೆ ಇಳಿಸಿದವು. 20ನೆಯ ತಾರೀಖು ಕ್ಯಾನನ್ ಸಂಸ್ಥೆ ‘ಇಓಎಸ್ 1ಡಿಎಸ್ ಮಾರ್ಕ್ 3’ ಎಂಬ ಕ್ಯಾಮೆರಾವನ್ನು ಸಾರಿತು. ಅದು ತೆಗೆಯುವ ಒಂದೊಂದು ಚಿತ್ರದಲ್ಲಿಯೂ ಎರಡು ಕೋಟಿ ಹನ್ನೊಂದು ಲಕ್ಷ ಬಿಂದುಗಳು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ 21.1 ಮೆಗಾಪಿಕ್ಸೆಲ್. 23ನೆಯ ತಾರೀಖು ನಿಕಾನ್ ಸಂಸ್ಥೆ ‘ಡಿ3’ ಎಂಬುದನ್ನು ಲೋಕದ ಮುಂದಿಟ್ಟಿತು. ಅದರಲ್ಲಿ ಇದ್ದುದು 12.1 ಮೆಗಾಪಿಕ್ಸೆಲ್ ಮಾತ್ರ.

ಸಂಖ್ಯೆಯನ್ನು ನೋಡಿ ಸಾಮಾನು ಕೊಳ್ಳುವವರಿಗೆ ಇದು ವಿಚಿತ್ರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ವಿಚಿತ್ರದ ಮೇಲೆ ವಿಚಿತ್ರವೆಂದರೆ, ಕ್ಯಾನನ್ ಸಂಸ್ಥೆ ಅದೇ 20ನೆಯ ತಾರೀಖು ‘ಪವರ್‌ಷಾಟ್ ಜಿ9’ ಎಂಬ ಸಣ್ಣ ಕ್ಯಾಮೆರಾವನ್ನೂ ಪ್ರಕಟಿಸಿತ್ತು. ಕೋಟಿನ ಜೇಬಿನಲ್ಲಿ ಇಳಿಬಿಡಬಹುದಾದ ಆ ಕ್ಯಾಮೆರಾದಲ್ಲಿಯೂ 12.1 ಮೆಗಾಪಿಕ್ಸೆಲ್! ಅದರ ಬೆಲೆ ಅಮೆರಿಕದಲ್ಲಿ ಐನೂರು ಡಾಲರು. ಡಿ3ರ ಬೆಲೆ ಲೆನ್ಸನ್ನು ಬಿಟ್ಟು ಐದು ಸಾವಿರ ಡಾಲರು. ಅಂದಿನ ವಿನಿಮಯದಲ್ಲಿ ಸುಂಕ, ತೆರಿಗೆಗಳನ್ನು ಹೊರತುಪಡಿಸಿ ಸುಮಾರು ಎರಡು ಲಕ್ಷ ರೂಪಾಯಿ. ಸಂಖ್ಯೆ ಒಂದೇ, ಬೆಲೆ ಹತ್ತು ಪಟ್ಟು. ಇದು ಹೆಸರಿಗೆ ತೆರುವ ಹಣವೇ, ಭಾರಕ್ಕೆ ತೆರುವ ಹಣವೇ, ಇಲ್ಲವೆ ಕಣ್ಣಿಗೆ ಕಾಣದ ಬೇರೊಂದು ಗುಣಕ್ಕೆ ತೆರುವ ಹಣವೇ?

ಈ ಪ್ರಶ್ನೆಗೆ ಉತ್ತರ ಹುಡುಕಹೊರಟವರು ಮೊದಲ ನೋಟದಲ್ಲಿ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಕೈಗೆ ಬಂದಾಗ

ಡಿ3ನ್ನು ಕೈಗೆತ್ತಿಕೊಂಡವರಿಗೆ ಎಲ್ಲಕ್ಕಿಂತ ಮೊದಲು ಅರಿವಾಗುವುದು ಅದರ ತೂಕ. ಬ್ಯಾಟರಿಯಿಲ್ಲದ ಬರಿಯ ಒಡಲೇ 1,240 ಗ್ರಾಂ. ಅದರೊಡನೆಯೇ ಪ್ರಕಟವಾದ 24–70 ಮಿಲಿಮೀಟರಿನ ಲೆನ್ಸು ಇನ್ನೊಂದು 900 ಗ್ರಾಂ. ಎರಡನ್ನೂ ಕೂಡಿಸಿ ಕತ್ತಿಗೆ ನೇತುಹಾಕಿಕೊಂಡರೆ ಎರಡು ಕಿಲೋಗ್ರಾಂಗೂ ಮಿಕ್ಕ ಭಾರ. ಅಂಗಡಿಯಲ್ಲಿ ಐದು ನಿಮಿಷ ಹಿಡಿದವರಿಗೆ ಇದು ಗಾಂಭೀರ್ಯವಾಗಿ ತೋರುತ್ತದೆ; ಮದುವೆಯ ಮನೆಯಲ್ಲಿ ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಹಿಡಿದವರಿಗೆ ಕುತ್ತಿಗೆಯ ನೋವಾಗಿ ತೋರುತ್ತದೆ.

ಒಡಲು ಮೆಗ್ನೀಷಿಯಂ ಮಿಶ್ರಲೋಹದ್ದು. ಬೆರಳುಗಳು ತಾವಾಗಿಯೇ ಹೋಗಿ ಕೂರುವಂತೆ ಹಿಡಿಯ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲ್ತುದಿಯಲ್ಲಿ ಚಿಕ್ಕದೊಂದು ಕೆಂಪು ಗುರುತು. ಕಾರುಗಳ ವಿನ್ಯಾಸಕ್ಕೆ ಹೆಸರಾದ ಇಟಲಿಯ ಜೊರ್ಜೆತ್ತೊ ಜುಜಾರೊ 1980ರ ‘ಎಫ್3’ ಕ್ಯಾಮೆರಾದಿಂದ ಮೊದಲುಗೊಂಡು ನಿಕಾನಿನ ಹಿರಿಯ ಕ್ಯಾಮೆರಾಗಳಿಗೆ ರೂಪ ಕೊಟ್ಟವರು. ಡಿ3ರ ಮೈಕಟ್ಟೂ ಅವರದೇ. ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದರೂ ಉದ್ದಕ್ಕೆ ನಿಲ್ಲಿಸಿ ಹಿಡಿದರೂ ಬೆರಳ ತುದಿಗೆ ಗುಂಡಿ ಸಿಗಲೆಂದು ಷಟರಿನ ಗುಂಡಿಗಳನ್ನು ಎರಡು ಕಡೆ ಇರಿಸಿದ್ದಾರೆ. ಕಣ್ಣು ಕಿಂಡಿಯಲ್ಲಿಯೇ ಇರುವಾಗ ಬೆರಳು ತಡಕಾಡಬಾರದೆಂಬುದು ಈ ಏರ್ಪಾಡಿನ ಉದ್ದೇಶ.

ಕೀಲಿ ತಿರುಗಿಸಿದೊಡನೆ ಯಂತ್ರವು ಸುಮಾರು 0.12 ಸೆಕೆಂಡಿನಲ್ಲಿ ಎಚ್ಚರಗೊಳ್ಳುತ್ತದೆ. ಗುಂಡಿ ಒತ್ತಿದುದಕ್ಕೂ ಚಿತ್ರ ಮೂಡುವುದಕ್ಕೂ ನಡುವಿನ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂವತ್ತೇಳು ಭಾಗ. ಎಂದರೆ ಎದುರಿಗಿರುವವರು ರೆಪ್ಪೆ ಬಡಿದು ಮುಗಿಸುವುದಕ್ಕಿಂತ ಮೊದಲೇ ಕೆಲಸ ಮುಗಿದಿರುತ್ತದೆ. ಗುಂಡಿಯನ್ನು ಒತ್ತಿಹಿಡಿದರೆ ಸೆಕೆಂಡಿಗೆ ಒಂಬತ್ತು ಚಿತ್ರಗಳು. ಆಗ ಏಳುವ ಸದ್ದು ಹೊಲಿಗೆಯ ಯಂತ್ರವನ್ನು ಭರದಿಂದ ತುಳಿದಂತೆ ಕೇಳಿಸುತ್ತದೆ. ಈ ಷಟರನ್ನು ಮೂರು ಲಕ್ಷ ಸಲ ತೆರೆದು ಮುಚ್ಚಿ ಪರೀಕ್ಷಿಸಿರುವುದಾಗಿ ತಯಾರಕರು ಹೇಳಿದ್ದರು. ದಿನವೊಂದಕ್ಕೆ ನೂರು ಚಿತ್ರ ತೆಗೆದರೂ ಎಂಟು ವರ್ಷಗಳ ಬಾಳಿಕೆ.

ಇವೆಲ್ಲವೂ ಸೊಗಸೇ. ಆದರೆ ಒಳ್ಳೆಯ ಕೊಡಲಿಯ ಹಿಡಿಯೂ ಕೈಗೆ ಸೊಗಸಾಗಿಯೇ ಇರುತ್ತದೆ. ಅದರ ಅಲಗನ್ನು ಮರವೇ ಪರೀಕ್ಷಿಸಬೇಕು.

ಕನ್ನಡಿಯೊಂದರ ಚರಿತ್ರೆ

ಈ ಜಾತಿಯ ಕ್ಯಾಮೆರಾವನ್ನು ‘ಡಿಜಿಟಲ್ ಎಸ್‌ಎಲ್‌ಆರ್’ ಎಂದು ಕರೆಯುವುದು ವಾಡಿಕೆ. ಹೆಸರು ಉದ್ದವಾದರೂ ತತ್ವ ಸರಳವಾದುದು. ಲೆನ್ಸಿನ ಹಿಂದೆ ನಲವತ್ತೈದು ಕೋನದಲ್ಲಿ ಒಂದು ಕನ್ನಡಿ ನಿಂತಿರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ ಹೊರಳಿಸುತ್ತದೆ. ಅಲ್ಲಿರುವ ಗಾಜಿನ ಪಟ್ಟಕವು ಆ ಬೆಳಕನ್ನು ಛಾಯಾಗ್ರಾಹಕನ ಕಣ್ಣಿಗೆ ತಲುಪಿಸುತ್ತದೆ. ಲೆನ್ಸು ಕಂಡುದನ್ನೇ ಕಣ್ಣೂ ಕಾಣುತ್ತದೆ; ನಡುವೆ ವಿದ್ಯುತ್ತಿನ ಪರದೆಯಿಲ್ಲ, ಬಣ್ಣ ಬದಲಿಸುವ ಯಂತ್ರವಿಲ್ಲ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಮಗುಚಿ ದಾರಿ ಬಿಡುತ್ತದೆ, ಷಟರು ತೆರೆಯುತ್ತದೆ, ಬೆಳಕು ಹಿಂದಿನ ಫಲಕದ ಮೇಲೆ ಬೀಳುತ್ತದೆ. ಡಿ3ರಲ್ಲಿ ಈ ಕನ್ನಡಿ ಒಂದು ಸೆಕೆಂಡಿನಲ್ಲಿ ಒಂಬತ್ತು ಸಲ ಎದ್ದು ಬಿದ್ದು, ಪ್ರತಿಸಲವೂ ಅಲುಗದೆ ತನ್ನ ಸ್ಥಾನದಲ್ಲಿ ನಿಲ್ಲಬೇಕು. ಈ ವರ್ಗದ ಕ್ಯಾಮೆರಾಗಳ ಬೆಲೆಯಲ್ಲಿ ಒಂದು ಪಾಲು ಈ ಕನ್ನಡಿಯ ಶಿಸ್ತಿಗೆ ಸಲ್ಲುತ್ತದೆ.

ಇದರಲ್ಲಿ ಒಂದು ಚೋದ್ಯವಿದೆ. ಕನ್ನಡಿ ಮೇಲೆದ್ದಿರುವ ಆ ಕ್ಷಣದಲ್ಲಿ ಛಾಯಾಗ್ರಾಹಕನ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಎಂದರೆ ಚಿತ್ರವಾಗಿ ಉಳಿದ ಕ್ಷಣವೊಂದನ್ನು ಬಿಟ್ಟು ಅದರ ಹಿಂದುಮುಂದಿನದೆಲ್ಲವನ್ನೂ ಅವನು ನೋಡಿರುತ್ತಾನೆ!

ನಿಕಾನ್ ಸಂಸ್ಥೆ ತನ್ನ ಮೊದಲ ಎಸ್‌ಎಲ್‌ಆರ್ ಆದ ‘ಎಫ್’ ಕ್ಯಾಮೆರಾವನ್ನು ಹೊರತಂದುದು 1959ರಲ್ಲಿ. ಅಂದು ಲೆನ್ಸನ್ನು ಕೂರಿಸಲು ಮಾಡಿದ ಬಳೆಯ ಅಳತೆಯೇ ಡಿ3ರಲ್ಲಿಯೂ ಮುಂದುವರಿದಿದೆ. 1977ರಲ್ಲಿ ಸುಧಾರಣೆಗೊಂಡ ‘ಎಐ’ ವರ್ಗದ ಲೆನ್ಸುಗಳನ್ನು ಇದಕ್ಕೆ ತೊಡಿಸಿ, ಬೆಳಕಿನ ಅಳತೆಯನ್ನೂ ಪಡೆದು ಚಿತ್ರ ತೆಗೆಯಬಹುದು. ಫೋಕಸ್ಸನ್ನು ಮಾತ್ರ ಕೈಯಿಂದ ಸರಿಪಡಿಸಿಕೊಳ್ಳಬೇಕು. ತಂದೆಯ ಲೆನ್ಸು ಮಗಳ ಕ್ಯಾಮೆರಾಕ್ಕೆ ಹೊಂದುವ ಇಂಥ ಅನುಕೂಲ ಇಂದಿನ ಯಂತ್ರಲೋಕದಲ್ಲಿ ಅಪರೂಪ.

ಫಿಲ್ಮಿನ ಜಾಗಕ್ಕೆ ವಿದ್ಯುನ್ಮಾನದ ಫಲಕ ಬಂದ ಬಗೆಯೂ ಸ್ವಾರಸ್ಯವಾದುದು. 1991ರಲ್ಲಿ ಕೊಡಕ್ ಸಂಸ್ಥೆ ನಿಕಾನಿನ ಎಫ್3 ಒಡಲಿಗೆ 1.3 ಮೆಗಾಪಿಕ್ಸೆಲಿನ ಫಲಕವನ್ನು ಕೂಡಿಸಿ ಮಾರಾಟಕ್ಕೆ ತಂದಿತು. ಚಿತ್ರಗಳನ್ನು ಶೇಖರಿಸುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ಹಾಕಿಕೊಳ್ಳಬೇಕಾಗಿತ್ತು. 1999ರಲ್ಲಿ ನಿಕಾನ್ ತಾನೇ ಪೂರ್ತಿಯಾಗಿ ರೂಪಿಸಿದ ‘ಡಿ1’ ಬಂದಾಗ ಪತ್ರಿಕೆಗಳ ಛಾಯಾಗ್ರಾಹಕರು ಫಿಲ್ಮನ್ನು ಬಿಡತೊಡಗಿದರು. ಆದರೆ ಡಿ1ರ ಫಲಕ ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಬಹಳ ಕಿರಿದು. ಎಂಟು ವರ್ಷಗಳ ಕಾಲ ನಿಕಾನ್ ಆ ಕಿರಿದಾದ ಅಳತೆಯನ್ನೇ ಹಿಡಿದು ನಡೆಯಿತು. ಕ್ಯಾನನ್ ಸಂಸ್ಥೆಯಾದರೋ 2002ರಲ್ಲಿಯೇ ಪೂರ್ಣ ಚೌಕಟ್ಟಿನ ಫಲಕವನ್ನು ತಂದಿತ್ತು. 36 ಮಿಲಿಮೀಟರ್ ಅಗಲ, ಸುಮಾರು 24 ಮಿಲಿಮೀಟರ್ ಎತ್ತರದ ಪೂರ್ಣ ಚೌಕಟ್ಟಿಗೆ ನಿಕಾನ್ ಮರಳಿದುದು ಈ ಡಿ3ರಲ್ಲಿಯೇ. ತಡವಾಗಿ ಬಂದರೂ ಬರಿಗೈಯಲ್ಲಿ ಬರಲಿಲ್ಲ.

ಲೋಟ ಮತ್ತು ಕೊಳಗ

ಈಗ ಹನ್ನೆರಡರ ಗುಟ್ಟಿಗೆ ಬರೋಣ.

ತುಂತುರು ಮಳೆ ಬೀಳುತ್ತಿರುವ ಅಂಗಳದಲ್ಲಿ ನೂರು ಸಣ್ಣ ಲೋಟಗಳನ್ನು ಒತ್ತಾಗಿ ಜೋಡಿಸಿದ್ದಾರೆಂದು ಭಾವಿಸಬೇಕು. ಒಂದು ನಿಮಿಷದ ಬಳಿಕ ನೋಡಿದರೆ ಒಂದು ಲೋಟದಲ್ಲಿ ಮೂರು ಹನಿ, ಅದರ ಮಗ್ಗುಲಿನದರಲ್ಲಿ ಆರು ಹನಿ, ಇನ್ನೊಂದರಲ್ಲಿ ಒಂದೇ ಹನಿ. ಮಳೆ ಎಲ್ಲ ಕಡೆಯೂ ಸಮನಾಗಿಯೇ ಬಿದ್ದಿದೆ. ಆದರೂ ಲೋಟಗಳ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ಲೋಟಗಳ ಜಾಗದಲ್ಲಿ ಬಾಯಿಯ ವಿಸ್ತೀರ್ಣ ಇಪ್ಪತ್ತು ಪಟ್ಟು ಇರುವ ನೂರು ಕೊಳಗಗಳನ್ನಿಟ್ಟರೆ? ಒಂದರಲ್ಲಿ ಎಪ್ಪತ್ತು ಹನಿ, ಪಕ್ಕದ್ದರಲ್ಲಿ ಎಪ್ಪತ್ತೈದು ಹನಿ. ವ್ಯತ್ಯಾಸ ಇದ್ದೇ ಇದೆ. ಆದರೆ ಕಣ್ಣಿಗೆ ಕಾಣುವಷ್ಟಿಲ್ಲ.

ಬೆಳಕೂ ಹನಿಹನಿಯಾಗಿಯೇ ಬೀಳುವ ಮಳೆ. ಫಲಕದ ಒಂದೊಂದು ಬಿಂದುವೂ ಅದನ್ನು ಹಿಡಿಯುವ ಪಾತ್ರೆ. ನಡುಹಗಲಿನಲ್ಲಿ ಬೆಳಕಿನ ಕುಂಭದ್ರೋಣ ಮಳೆ. ಆಗ ಲೋಟವೂ ತುಂಬುತ್ತದೆ, ಕೊಳಗವೂ ತುಂಬುತ್ತದೆ. ಜೇಬಿನ ಕ್ಯಾಮೆರಾದ ಚಿತ್ರಕ್ಕೂ ಎರಡು ಲಕ್ಷದ ಕ್ಯಾಮೆರಾದ ಚಿತ್ರಕ್ಕೂ ಹಗಲಿನಲ್ಲಿ ಹೆಚ್ಚಿನ ಭೇದ ತೋರದಿರುವುದಕ್ಕೆ ಇದೇ ಕಾರಣ. ದೀಪ ಸಣ್ಣದಾದಾಗ ತುಂತುರಿನ ಕಥೆ ಮೊದಲಾಗುತ್ತದೆ. ಒಂದೇ ಬಣ್ಣದ ಗೋಡೆಯಲ್ಲಿ ಒಂದು ಬಿಂದು ಕಪ್ಪಾಗಿ, ನೆರೆಯ ಬಿಂದು ಬೆಳ್ಳಗಾಗಿ, ಮೂರನೆಯದು ಕೆಂಪಾಗಿ, ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತಾಗುತ್ತದೆ. ಇದಕ್ಕೆ ‘ನಾಯ್ಸ್’ ಎಂದು ಹೆಸರು. ದೂರದ ಆಕಾಶವಾಣಿಯನ್ನು ಕೇಳಬೇಕೆಂದು ರೇಡಿಯೋದ ದನಿಯನ್ನು ಏರಿಸಿದಾಗ ಹಾಡಿನೊಂದಿಗೆ ಗರಗರ ಸದ್ದೂ ಏರುವುದಲ್ಲವೇ? ಕ್ಯಾಮೆರಾದಲ್ಲಿ ಹಾಗೆ ದನಿಯೇರಿಸುವ ಅಳತೆಗೆ ‘ಐಎಸ್‌ಒ’ ಎನ್ನುತ್ತಾರೆ. ಅದನ್ನು ಏರಿಸಿದರೆ ಬೆಳಕು ಹೆಚ್ಚಾಗುವುದಿಲ್ಲ. ಹಿಡಿದ ಅಷ್ಟಿಷ್ಟು ಬೆಳಕು ಗರಗರದೊಡನೆ ದೊಡ್ಡದಾಗುತ್ತದೆ.

ಜಿ9 ಮತ್ತು ಡಿ3, ಎರಡರಲ್ಲಿಯೂ ಬಿಂದುಗಳ ಎಣಿಕೆ ಒಂದೇ. ಆದರೆ ಡಿ3ರ ಫಲಕದ ವಿಸ್ತೀರ್ಣ ಜಿ9ರದಕ್ಕಿಂತ ಸುಮಾರು ಇಪ್ಪತ್ತು ಪಟ್ಟು. ಹತ್ತು ಪಟ್ಟು ಬೆಲೆಯ ಮುಖ್ಯ ರಹಸ್ಯ ಇಲ್ಲಿದೆ. ಮೆಗಾಪಿಕ್ಸೆಲ್ ಎಂಬುದು ಪಾತ್ರೆಗಳ ಎಣಿಕೆಯನ್ನು ಹೇಳುತ್ತದೆ. ಪಾತ್ರೆಯ ಬಾಯಗಲವನ್ನು ಹೇಳುವುದಿಲ್ಲ.

ಕ್ಯಾನನ್ನಿನ ಪಟ್ಟದಾನೆಯೊಡನೆ ಹೋಲಿಸುವಾಗ ಲೆಕ್ಕ ತುಸು ಬೇರೆ. ಅಲ್ಲಿ ಅಂಗಳ ಎರಡಕ್ಕೂ ಒಂದೇ. ಬೀಳುವ ಮಳೆಯೂ ಒಂದೇ. ಕ್ಯಾನನ್ ಆ ಅಂಗಳದಲ್ಲಿ 2 ಕೋಟಿ 11 ಲಕ್ಷ ಪಾತ್ರೆಗಳನ್ನಿಟ್ಟಿತು, ನಿಕಾನ್ 1 ಕೋಟಿ 21 ಲಕ್ಷ ಪಾತ್ರೆಗಳನ್ನಿಟ್ಟಿತು. ಪಾತ್ರೆಯೊಂದನ್ನು ಅಳೆಯುವಾಗಲೆಲ್ಲ ಒಂದು ಸಣ್ಣ ತಪ್ಪು ನುಸುಳುತ್ತದೆ. ಪಾತ್ರೆಗಳು ಹೆಚ್ಚಿದಷ್ಟೂ ಅಂಥ ತಪ್ಪುಗಳು ಹೆಚ್ಚುತ್ತವೆ. ಮಳೆ ಜೋರಾಗಿದ್ದರೆ ಅವು ಲೆಕ್ಕಕ್ಕೇ ಬರುವುದಿಲ್ಲ. ತುಂತುರಿನಲ್ಲಿ ಅವೇ ದೊಡ್ಡದಾಗುತ್ತವೆ. ಅಲ್ಲದೆ ಅಳೆಯಲು ಹೊತ್ತೂ ಬೇಕು. ಕ್ಯಾನನ್ ಸೆಕೆಂಡಿಗೆ ಐದು ಚಿತ್ರ ತೆಗೆಯುತ್ತಿತ್ತು, ನಿಕಾನ್ ಒಂಬತ್ತು. ಗುಣಿಸಿ ನೋಡಿದರೆ ಎರಡೂ ಸೆಕೆಂಡಿಗೆ ಅಳೆಯುತ್ತಿದ್ದುದು ಸರಿಸುಮಾರು ಹತ್ತೂವರೆ, ಹನ್ನೊಂದು ಕೋಟಿ ಬಿಂದುಗಳನ್ನೇ! ದುಡಿಮೆ ಹೆಚ್ಚುಕಡಿಮೆ ಒಂದೇ. ಅದನ್ನು ಹಂಚಿದ ಬಗೆ ಬೇರೆ. ಒಬ್ಬರು ಅದನ್ನು ಸೂಕ್ಷ್ಮ ವಿವರಕ್ಕೆ ಕೊಟ್ಟರು, ಇನ್ನೊಬ್ಬರು ವೇಗಕ್ಕೂ ಕತ್ತಲೆಗೂ ಕೊಟ್ಟರು. ಸ್ಟುಡಿಯೋದ ದೀಪಗಳ ಕೆಳಗೆ ರೇಷ್ಮೆ ಸೀರೆಯ ಎಳೆಎಳೆಯನ್ನು ತೋರಿಸಬೇಕಾದ ಜಾಹಿರಾತಿನವರಿಗೆ ಕ್ಯಾನನ್ನಿನ ದಾರಿಯೇ ಸರಿ. ದೀಪವನ್ನು ತಾವು ಆರಿಸಿಕೊಳ್ಳಲಾಗದ ಕಡೆ ದುಡಿಯುವವರಿಗೆ ನಿಕಾನಿನ ದಾರಿ.

ಮುಹೂರ್ತ ಕಾಯುವುದಿಲ್ಲ

ಅಂಥ ಕಡೆಗಳು ನಮ್ಮ ನಾಡಿನಲ್ಲಿ ಕಡಮೆಯೇ? ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿ ಮಂಡಿ ಹಾಕಿ ರಂಗಸ್ಥಳವನ್ನೆಲ್ಲ ಸುತ್ತುವ ಹೊತ್ತು. ಬೆಳಕು ಮಂದ. ಐಎಸ್‌ಒ 200ರ ಅಳತೆಯಲ್ಲಿ ಆ ಬೆಳಕಿಗೆ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಷಟರು ತೆರೆದಿರಬೇಕೆಂದು ಇಟ್ಟುಕೊಳ್ಳೋಣ. ಅಷ್ಟು ಹೊತ್ತಿನಲ್ಲಿ ತಿರುಗುತ್ತಿರುವ ವೇಷ ಬಣ್ಣದ ಹೊಗೆಯಾಗಿ ಮೂಡುತ್ತದೆ. ಕಿರೀಟವೂ ಕಾಣದು, ಕಣ್ಣೂ ಕಾಣದು. ಡಿ3ರ ಸಹಜ ಮಿತಿಯಾದ 6400ಕ್ಕೆ ಐಎಸ್‌ಒ ಏರಿಸಿದರೆ ಮೂವತ್ತೆರಡು ಪಟ್ಟು ಅನುಕೂಲ. ಸೆಕೆಂಡಿನ ಎಂಟನೆಯ ಒಂದು ಭಾಗ ಇನ್ನೂರೈವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಹಾರಿದ ಜಲ್ಲಿಯೂ ಅಲ್ಲಿಯೇ ನಿಲ್ಲುತ್ತದೆ. ತುರ್ತಿದ್ದರೆ 25,600ರವರೆಗೂ ಏರಿಸಬಹುದಾಗಿತ್ತು. ಗರಗರ ಹೆಚ್ಚು, ಆದರೂ ಚಿತ್ರ ಚಿತ್ರವೇ. ಅದೇ ತಿಂಗಳು ಬಂದ ಕ್ಯಾನನ್ನಿನ ಹಿರಿಯ ಕ್ಯಾಮೆರಾದ ಸಹಜ ಮಿತಿ 1600, ಎಳೆದರೆ 3200.

ಫ್ಲ್ಯಾಷ್ ದೀಪ ಇಲ್ಲವೇ ಎಂದು ಕೇಳಬಹುದು. ಇದೆ. ಮಿಂಚಿನಂತೆ ಬೆಳಗಿ, ಮುಖವನ್ನು ಹಿಟ್ಟು ಬಳಿದಂತೆ ಬೆಳ್ಳಗೆ ಮಾಡಿ, ಹಿನ್ನೆಲೆಯನ್ನು ಮಸಿಯಲ್ಲಿ ಮುಳುಗಿಸುವ ಆ ದೀಪ ಕೆಲಸವನ್ನು ಮುಗಿಸುತ್ತದೆ ನಿಜ. ಆದರೆ ನಂದಾದೀಪದ ಎದುರಿಗೆ ಕುಳಿತವರ ಕೆನ್ನೆಯ ಮೇಲಿನ ಹೊಂಬಣ್ಣವನ್ನು ಅದು ಅಳಿಸಿಬಿಡುತ್ತದೆ. ಭರತನಾಟ್ಯದ ಸಭೆಯಲ್ಲಿ ಅಭಿನಯದ ನಡುವೆ ಫ್ಲ್ಯಾಷ್ ಹೊಡೆದರೆ ನರ್ತಕಿಯ ಕಣ್ಣಿಗೂ ರಸಿಕರ ಮನಸ್ಸಿಗೂ ಪೆಟ್ಟು. ತೊಟ್ಟಿಲಲ್ಲಿ ಮಲಗಿದ ಕೂಸಿನ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಮದುವೆಯ ಮಂಟಪದಲ್ಲಿ ಅಂತರಪಟ ಸರಿಯುವ ಗಳಿಗೆಯನ್ನು ನೆನೆಯಬೇಕು. ವಾದ್ಯದವರಿಗೆ ‘ಗಟ್ಟಿಮೇಳ’ ಎಂದು ಕೂಗು ಬೀಳುತ್ತದೆ. ಜೀರಿಗೆ ಬೆಲ್ಲ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರುತ್ತದೆ. ಹುಡುಗಿಯ ಮುಖದಲ್ಲಿ ನಗು, ಮರುಕ್ಷಣವೇ ಕಣ್ಣೀರು. ಎಲ್ಲ ಸೇರಿ ಎರಡು ಸೆಕೆಂಡು. ‘ಇನ್ನೊಮ್ಮೆ ಹಾಕಿ, ಫೋಟೋ ಸರಿಯಾಗಿ ಬರಲಿಲ್ಲ’ ಎಂದರೆ ಬೆಲ್ಲವನ್ನು ಮತ್ತೆ ಹಾಕಿಯಾರು, ಆ ನಗುವನ್ನು ಎಲ್ಲಿಂದ ತಂದಾರು? ಮದುವೆಯ ಛಾಯಾಗ್ರಾಹಕ ಎರಡು ಲಕ್ಷ ಕೊಟ್ಟು ಕೊಂಡದ್ದು ಈ ಎರಡು ಸೆಕೆಂಡುಗಳನ್ನು.

ಇದಕ್ಕಿಂತಲೂ ಆಳವಾದ ಮಾತೊಂದಿದೆ. ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳನ್ನು ತೆರೆದು ನೋಡಿದರೆ ಚಿತ್ರಗಳೆಲ್ಲ ಬಹುಮಟ್ಟಿಗೆ ಬಯಲಿನವು. ಕುರ್ಚಿಗಳನ್ನು ಅಂಗಳಕ್ಕೆ ತಂದು, ಬೆಳಗಿನ ಬಿಸಿಲಿನಲ್ಲಿ ಹಿರಿಯರನ್ನು ಕೂರಿಸಿ, ಕಿರಿಯರನ್ನು ಹಿಂದೆ ನಿಲ್ಲಿಸಿ, ‘ಅಲ್ಲಾಡಬೇಡಿ’ ಎಂದು ಹೇಳಿ ತೆಗೆದವು. ಅಂದಿನ ಫಿಲ್ಮಿಗೆ ಬೇಕಾಗಿದ್ದಷ್ಟು ಬೆಳಕು ಮನೆಯೊಳಗೆ ಇರಲಿಲ್ಲ. ಅದರಿಂದಾಗಿ ಯಾವುದು ಚಿತ್ರಕ್ಕೆ ಬಾರದೆ ಹೋಯಿತು? ಅಡಿಗೆಮನೆಯ ಒಲೆಯ ಮುಂದಿನ ಕೆಂಪು ಬೆಳಕು. ದೇವರ ಮನೆಯಲ್ಲಿ ಮಡಿಯುಟ್ಟು ಕುಳಿತ ಅಜ್ಜಿ. ಲಾಂದ್ರದ ಸುತ್ತ ತಲೆಬಗ್ಗಿಸಿ ಓದುತ್ತಿದ್ದ ಮಕ್ಕಳು. ಬಾಣಂತಿಯ ಕೋಣೆ. ಮನೆಯ ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗ ನಡೆದದ್ದು ಮಬ್ಬಿನಲ್ಲಿ. ಆಲ್ಬಮ್ಮಿನಲ್ಲಿ ಉಳಿದದ್ದು ಬಿಸಿಲಿನ ಭಾಗ. ದಿನವೆಲ್ಲ ಒಳಗೆ ದುಡಿದವರು ವರ್ಷಕ್ಕೊಮ್ಮೆ ಅಂಗಳಕ್ಕೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತುದೇ ಅವರ ಸ್ಮಾರಕವಾಯಿತು. 1988ರಲ್ಲಿ ಕೊಡಕ್ ತಂದ ‘ಟಿ-ಮ್ಯಾಕ್ಸ್ ಪಿ3200’ರಂಥ ಚುರುಕು ಫಿಲ್ಮುಗಳಿದ್ದವು; ಆದರೆ ಅದು ಕಪ್ಪುಬಿಳುಪು, ಅದರಲ್ಲಿಯೂ ದಪ್ಪ ರವೆಯ ಚಿತ್ರ. ಮಬ್ಬಿನೊಳಗಿನ ಬಾಳನ್ನು ಅದರ ಸ್ವಂತ ಬಣ್ಣಗಳಲ್ಲಿ, ಯಾರನ್ನೂ ಎಬ್ಬಿಸದೆ, ಯಾರ ಕೆಲಸವನ್ನೂ ನಿಲ್ಲಿಸದೆ ಹಿಡಿಯಬಹುದೆಂಬ ಭರವಸೆಯನ್ನು ದೃಢಪಡಿಸಿದ ಯಂತ್ರಗಳ ಸಾಲಿನಲ್ಲಿ ಡಿ3ಕ್ಕೆ ಮುಂದಿನ ಮಣೆ ಸಲ್ಲಬೇಕು.

ಕುಂದುಗಳೂ ಉಂಟು

ಹೊಗಳಿಕೆ ಇಷ್ಟು ಸಾಕು. ಕುಂದುಗಳನ್ನು ಹೇಳದಿದ್ದರೆ ಮಾತು ಪೂರ್ತಿಯಾಗದು.

ಲೆನ್ಸುಗಳನ್ನು ಬದಲಿಸುವಾಗ ಒಳಗೆ ಧೂಳು ಹೋಗುವುದು ಸಹಜ. ಫಲಕವನ್ನು ತಾನೇ ಕಂಪಿಸಿ ಧೂಳು ಕೊಡವಿಕೊಳ್ಳುವ ಏರ್ಪಾಡು ಆ ವೇಳೆಗೆ ಅಗ್ಗದ ಕ್ಯಾಮೆರಾಗಳಲ್ಲಿಯೂ ಬಂದಿತ್ತು, ಡಿ3ರಲ್ಲಿ ಇರಲಿಲ್ಲ. ಚಲಿಸುವ ಚಿತ್ರ ತೆಗೆಯುವ ಸೌಲಭ್ಯವೂ ಇರಲಿಲ್ಲ. ಮರುವರ್ಷ, 2008ರಲ್ಲಿ, ಅದೇ ಸಂಸ್ಥೆಯ ಕಿರಿಯ ‘ಡಿ90’ ಆ ಕೆಲಸವನ್ನು ಮಾಡಿ ತೋರಿಸಿತು. ಇನ್ನು ಹನ್ನೆರಡು ಮೆಗಾಪಿಕ್ಸೆಲಿನ ಮಿತಿ. ಅಂಗುಲಕ್ಕೆ 300 ಬಿಂದುಗಳ ಅಚ್ಚಿನಲ್ಲಿ ಡಿ3ರ ಚಿತ್ರ ಸುಮಾರು ಹದಿನಾಲ್ಕು ಅಂಗುಲ ಅಗಲ, ಒಂಬತ್ತೂವರೆ ಅಂಗುಲ ಎತ್ತರಕ್ಕೆ ಬರುತ್ತದೆ. ಆಲ್ಬಮ್ಮಿಗೂ ವಾರಪತ್ರಿಕೆಯ ಪುಟಕ್ಕೂ ಇದು ಧಾರಾಳ. ಆದರೆ ದೂರದ ಕೊಂಬೆಯ ಮೇಲಿನ ಹಕ್ಕಿಯನ್ನು ತೆಗೆದು, ಸುತ್ತಲಿನದನ್ನು ಕತ್ತರಿಸಿ ಹಕ್ಕಿಯನ್ನಷ್ಟೇ ಹಿಗ್ಗಿಸಬೇಕೆನ್ನುವವರಿಗೆ ಬಟ್ಟೆ ಸಾಲದೆ ಬರುವ ದರ್ಜಿಯ ಸಂಕಟ.

ಹಿಂಬದಿಯಲ್ಲಿರುವ ಮೂರಂಗುಲದ ಪರದೆ ಆ ಕಾಲಕ್ಕೆ ಬೆರಗು ಹುಟ್ಟಿಸುವಷ್ಟು ಸ್ಪಷ್ಟವಾಗಿತ್ತು. ಅದೇ ಒಂದು ದುರಭ್ಯಾಸಕ್ಕೂ ದಾರಿಯಾಯಿತು. ಒಂದು ಚಿತ್ರ ತೆಗೆದೊಡನೆ ತಲೆತಗ್ಗಿಸಿ ಪರದೆ ನೋಡುವುದು. ತಲೆಯೆತ್ತುವಷ್ಟರಲ್ಲಿ ಮುಂದಿನ ಕ್ಷಣ ಕೈತಪ್ಪಿ ಹೋಗಿರುವುದು. ಸೆಕೆಂಡಿಗೆ ಒಂಬತ್ತು ಚಿತ್ರ ತೆಗೆಯುವ ಶಕ್ತಿಯಿದ್ದರೂ ನೋಡುವ ತಾಳ್ಮೆಯಿಲ್ಲದಿದ್ದರೆ ಒಂಬತ್ತು ಸಲವೂ ತಪ್ಪಬಹುದು. ಮದುವೆಯೊಂದಕ್ಕೆ ನಾಲ್ಕು ಸಾವಿರ ಚಿತ್ರಗಳು ಬಂದು, ಅವನ್ನು ಆರಿಸುವವರಿಲ್ಲದೆ ಕಂಪ್ಯೂಟರಿನಲ್ಲಿಯೇ ಉಳಿದುಹೋಗುವುದೂ ಈ ವೇಗದ ಇನ್ನೊಂದು ಫಲ.

ಪಟ್ಟ ಕಳೆದ ಮೇಲೆ

ಡಿ3 ಪಟ್ಟದಲ್ಲಿ ಬಹುಕಾಲ ಕೂರಲಿಲ್ಲ. 2008ರ ಜುಲೈಯಲ್ಲಿ ಅದೇ ಫಲಕವನ್ನು ಚಿಕ್ಕ ಒಡಲಿನಲ್ಲಿಟ್ಟು ಮೂರು ಸಾವಿರ ಡಾಲರಿಗೆ ‘ಡಿ700’ ಬಂದಿತು. 2009ರ ಅಕ್ಟೋಬರಿನಲ್ಲಿ ಬಂದ ‘ಡಿ3ಎಸ್’ ಧೂಳು ಕೊಡವುವ ಏರ್ಪಾಡನ್ನೂ ಚಲಚ್ಚಿತ್ರವನ್ನೂ ಸೇರಿಸಿಕೊಂಡು, ಕತ್ತಲೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ನಡೆಯಿತು. ಈ ವಂಶದ ‘ಡಿ6’ 2020ರಲ್ಲಿ ಬಂದಿತು. ಅದರ ಮುಂದೆ ಆ ಸಾಲಿನಲ್ಲಿ ಮತ್ತೊಂದು ಹುಟ್ಟಿಲ್ಲ. 2018ರಿಂದ ನಿಕಾನ್, ಕ್ಯಾನನ್ ಎರಡೂ ಸಂಸ್ಥೆಗಳು ಕನ್ನಡಿಯಿಲ್ಲದ ಪೂರ್ಣ ಚೌಕಟ್ಟಿನ ಕ್ಯಾಮೆರಾಗಳ ಕಡೆಗೆ ಹೊರಳಿದವು. 2021ರ ‘ಝಡ್9’ರಲ್ಲಿ ಕನ್ನಡಿ ಮಾತ್ರವೇ ಏಕೆ, ತೆರೆದು ಮುಚ್ಚುವ ಷಟರೂ ಇಲ್ಲ. ಹೊಲಿಗೆಯ ಯಂತ್ರದ ಸದ್ದು ಹೋಯಿತು. ಚಿತ್ರ ತೆಗೆಯುವ ಕ್ಷಣದಲ್ಲಿ ಕಣ್ಣಿಗೆ ಕವಿಯುತ್ತಿದ್ದ ಕತ್ತಲೆಯೂ ಹೋಯಿತು.

ಜೇಬಿನ ಫೋನುಗಳೂ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಗೂಗಲ್ ಸಂಸ್ಥೆಯ ಫೋನುಗಳಿಗೆ ಬಂದ ‘ನೈಟ್ ಸೈಟ್’ ಎಂಬ ಉಪಾಯ ಒಂದರ ಹಿಂದೊಂದರಂತೆ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಲೋಟ ಸಣ್ಣದಾದರೇನು, ಹಲವು ಸಲ ಹಿಡಿದು ಕೊಳಗಕ್ಕೆ ಸುರಿದರಾಯಿತು ಎಂಬ ಜಾಣತನ. ಕದಲದೆ ಕುಳಿತ ಅಜ್ಜಿಗೆ ಅದು ಚೆನ್ನಾಗಿ ಒದಗುತ್ತದೆ. ಹಾರುವ ಜೀರಿಗೆ ಬೆಲ್ಲಕ್ಕೆ ಹೀಗೆ ಕಾಯುವ ವ್ಯವಧಾನವಿಲ್ಲ. ಅಲ್ಲಿ ದೊಡ್ಡ ಫಲಕದ ಹಿರಿಮೆ ಇನ್ನೂ ಉಳಿದಿದೆ.

ಒಂದು ಕಾಲಕ್ಕೆ ಎರಡು ಲಕ್ಷ ಬಾಳುತ್ತಿದ್ದ ಡಿ3 ಈಗ ಹಳೆಯ ಕ್ಯಾಮೆರಾಗಳ ಅಂಗಡಿಯಲ್ಲಿ ಆ ಬೆಲೆಯ ಸಣ್ಣದೊಂದು ಪಾಲಿಗೆ ದೊರೆಯುತ್ತದೆ. ಕೊಳ್ಳಬಯಸುವವರು ಹೊರಮೈಯ ಹೊಳಪಿಗೆ ಮರುಳಾಗಬಾರದು. ಅದರಿಂದ ಒಂದು ಚಿತ್ರವನ್ನು ತೆಗೆದು ಕಂಪ್ಯೂಟರಿನಲ್ಲಿ ಪರಿಶೀಲಿಸಿದರೆ ಷಟರು ಎಷ್ಟು ಸಲ ತೆರೆದಿದೆಯೆಂಬ ಲೆಕ್ಕ ಆ ಕಡತದಲ್ಲಿಯೇ ಅಡಗಿರುತ್ತದೆ. ಮೂರು ಲಕ್ಷಕ್ಕೆ ಅದು ಎಷ್ಟು ಹತ್ತಿರ ಬಂದಿದೆಯೆಂದು ನೋಡಬೇಕು. ಒಳ್ಳೆಯ ಬ್ಯಾಟರಿ ಇದೆಯೇ, ಅದಕ್ಕೆ ಬೇಕಾದ ಹಳೆಯ ಮಾದರಿಯ ‘ಕಾಂಪ್ಯಾಕ್ಟ್ ಫ್ಲ್ಯಾಷ್’ ಕಾರ್ಡು ಸಿಗುವುದೇ, ಕೆಟ್ಟರೆ ದುರಸ್ತಿಗೆ ಬಿಡಿಭಾಗ ದೊರೆಯುವುದೇ ಎಂಬುದನ್ನೂ ವಿಚಾರಿಸಬೇಕು. ಬಿಳಿಯ ಕಾಗದವೊಂದರ ಚಿತ್ರ ತೆಗೆದರೆ ಧೂಳಿನ ಕಲೆಗಳು ತಾವಾಗಿಯೇ ಸಾಕ್ಷಿ ಹೇಳುತ್ತವೆ.

ಕೊಳ್ಳುವುದು ಡಿ3 ಆಗಲಿ, ಇಂದಿನ ಹೊಸ ಕ್ಯಾಮೆರಾ ಆಗಲಿ, ಫೋನೇ ಆಗಲಿ, ಅಂಗಡಿಯಲ್ಲಿ ‘ಎಷ್ಟು ಮೆಗಾಪಿಕ್ಸೆಲ್’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು. ಫಲಕದ ಅಳತೆ ಎಷ್ಟು ಎಂದು ಮೊದಲು ಕೇಳಬೇಕು. ಬಳಿಕ ಝಗಝಗಿಸುವ ಅಂಗಡಿಯ ದೀಪಗಳನ್ನು ಬಿಟ್ಟು, ಒಳಗಿನ ಮಬ್ಬು ಮೂಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಒಂದು ಚಿತ್ರ ತೆಗೆದು ನೋಡಬೇಕು. ಮುಖದ ಬಣ್ಣ ಮುಖದ್ದಾಗಿಯೇ ಉಳಿದಿದ್ದರೆ ಆ ಯಂತ್ರ ಮನೆಗೆ ಬರಲು ಯೋಗ್ಯವಾದುದು. ಬಂದ ಮೇಲೆ ಅದನ್ನು ಬೀರುವಿನಲ್ಲಿಟ್ಟು ಪ್ರವಾಸಕ್ಕಾಗಿ ಕಾಯಬೇಕಾಗಿಲ್ಲ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತರೂ ಸಾಕು.